ಟಿಬಿ ರೋಗಾಣುವಿನ ಗೇಟು: ಕಬ್ಬಿಣ ತರೋಕೂ ಅದೇ, ಔಷಧಿ ಹೊರಗೆ ಹಾಕೋಕೂ ಅದೇ

ಟಿಬಿಗೆ ಬೆಡಾಕ್ವಿಲಿನ್ ಅಂತ ಒಂದು ಮಾತ್ರೆ ಇದೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, 2016ರಲ್ಲಿ ನಮ್ಮ ಸರ್ಕಾರಿ ಟಿಬಿ ಚಿಕಿತ್ಸೆಗೂ ಬಂತು. ಹಳೇ ಔಷಧಿಗಳಿಗೆ ಬಗ್ಗದ ಟಿಬಿ ಇರುವವರಿಗೆ ಇದು ದೊಡ್ಡ ಆಸರೆ. ಆದರೆ ಇದಕ್ಕೂ ಬಗ್ಗದ ರೋಗಾಣುಗಳು ಈಗ ಸಿಗ್ತಿವೆ. ಹೇಗೆ ಅಂತ ಹುಡುಕಿದರೆ ಕಥೆ ಕಬ್ಬಿಣದ ಹತ್ತಿರ ಹೋಗುತ್ತೆ.

ರೋಗಾಣು ಬೆಳೆಯೋಕೆ ಕಬ್ಬಿಣ ಬೇಕೇ ಬೇಕು. ನಮ್ಮ ದೇಹ ಅದನ್ನು ಸುಮ್ಮನೆ ಬಿಟ್ಟಿರಲ್ಲ. ಹಿಮೋಗ್ಲೋಬಿನ್, ಟ್ರಾನ್ಸ್‌ಫೆರಿನ್‌ನಂಥ ಪ್ರೋಟೀನ್‌ಗಳಲ್ಲಿ ಬಿಗಿಯಾಗಿ ಹಿಡಿದಿಟ್ಟಿರುತ್ತೆ. ಅದಕ್ಕೇ ಟಿಬಿ ರೋಗಾಣು ಮೈಕೋಬ್ಯಾಕ್ಟಿನ್ ಅನ್ನೋ ಜಾತಿಯ ಅಣುಗಳನ್ನು ತಯಾರಿಸಿ ಹೊರಗೆ ಕಳಿಸುತ್ತೆ. ಇಂಥವಕ್ಕೆ ಸಿಡೆರೋಫೋರ್ ಅಂತಾರೆ. ಅವು ಕಬ್ಬಿಣವನ್ನು ಕಿತ್ತುಕೊಂಡು ವಾಪಸ್ ಬರ್ತವೆ. ಬಿ.ಕಾಂ. ಓದಿದ ನನಗೆ ಇದು ಮಾಲು ತರೋಕೆ ಖಾಲಿ ಲಾರಿ ಕಳಿಸಿದ ಹಾಗೆ ಕಾಣುತ್ತೆ.

ಲಾರಿ ಹೊರಡೋಕೆ ಗೇಟು ಬೇಕಲ್ವಾ? ಅದೇ ಎಫ್ಲಕ್ಸ್ ಪಂಪ್, ಒಳಗಿರೋದನ್ನು ಹೊರಗೆ ತಳ್ಳುವ ಪಂಪ್. ಈ ರೋಗಾಣುವಿನಲ್ಲಿ ಎಂಎಂಪಿಎಲ್-4, ಎಂಎಂಪಿಎಲ್-5 ಅಂತ ಎರಡಿವೆ. ಲ್ಯಾಬ್‌ನಲ್ಲಿ ಈ ಎರಡೂ ದಾರಿ ಕೆಡಿಸಿ ನೋಡಿದಾಗ, ಕಬ್ಬಿಣ ಕಡಿಮೆ ಇರುವ ಕಡೆ ರೋಗಾಣು ಬೆಳೆಯಲಿಲ್ಲ. ಇನ್ನೂ ಮಜಾ ಅಂದರೆ, ಹೊರಗೆ ಹೋಗಲಾರದ ಸಿಡೆರೋಫೋರ್ ಒಳಗೇ ತುಂಬಿಕೊಂಡು ಅದಕ್ಕೇ ವಿಷವಾಯ್ತು.

ಈಗ ಮಾತ್ರೆಗೆ ಬರೋಣ. ಬೆಡಾಕ್ವಿಲಿನ್ ರೋಗಾಣು ಶಕ್ತಿ ತಯಾರಿಸೋದನ್ನೇ ನಿಲ್ಲಿಸುತ್ತೆ. ಆದರೆ ಎಂಎಂಪಿಎಲ್-5 ಈ ಔಷಧಿಯನ್ನೂ ಹೊರಗೆ ತಳ್ಳುತ್ತೆ. ಪಂಪ್‌ಗಳು ವಿಪರೀತ ಆಗದ ಹಾಗೆ ಆರ್‌ವಿ0678 ಅನ್ನೋ ಜೀನ್ ಕಾಯ್ತಿರುತ್ತೆ. ಅದು ಕೆಟ್ಟರೆ ಪಂಪ್‌ಗಳು ಹೆಚ್ಚಾಗ್ತವೆ, ಔಷಧಿ ಒಳಗೆ ಸಾಕಷ್ಟು ನಿಲ್ಲಲ್ಲ. ಕ್ಲೋಫಜಿಮಿನ್ ಅನ್ನೋ ಇನ್ನೊಂದು ಟಿಬಿ ಔಷಧಿಗೂ ಇದೇ ಗತಿ.

ಬೆಡಾಕ್ವಿಲಿನ್ ದೇಹದಿಂದ ಹೋಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಯಾರಾದರೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರು ಅಂದ್ಕೊಳ್ಳಿ. ಜೊತೆಗಿನ ಎಷ್ಟೋ ಔಷಧಿಗಳು ಬೇಗ ಖಾಲಿ. ಇದೊಂದು ಮಾತ್ರ ಸ್ವಲ್ಪ ಸ್ವಲ್ಪ ಉಳಿದಿರುತ್ತೆ. ಪಂಪ್ ಜಾಸ್ತಿ ಇರುವ ರೋಗಾಣುವನ್ನು ಕೊಲ್ಲೋಕೆ ಅಷ್ಟು ಸಾಲಲ್ಲ. ಉಳಿದವು ಸಾಯ್ತವೆ, ಇವು ಹೆಚ್ಚುತ್ತವೆ.

ಈ ಪಂಪ್‌ಗಳನ್ನೇ ಮುಚ್ಚುವ ಅಣುವಿಗೆ ಹುಡುಕಾಟ ನಡೀತಿದೆ. ಎರಡೂ ಮುಚ್ಚಿದರೆ ಕಬ್ಬಿಣವೂ ಸಿಗಲ್ಲ, ಔಷಧಿಯೂ ಒಳಗೇ ಉಳಿಯುತ್ತೆ.