ಹೊರಡದ ಮೋಟಾರು, ಇಳಿದ ಬ್ಯಾಟರಿ

ಬೆಳಿಗ್ಗೆ ಮೋಟಾರು ಹೊರಡದಿದ್ದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ‘ಬ್ಯಾಟರಿ ಹೋಯಿತು’ ಎಂಬುದು. ಹೋಯಿತು ಎಂದರೆ ಎಲ್ಲಿಗೆ ಹೋಯಿತು, ಯಾರು ಒಯ್ದರು ಎಂದು ವಿಚಾರಿಸುವ ವ್ಯವಧಾನ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಹೊಸ ಬ್ಯಾಟರಿಯೊಂದನ್ನು ಕೊಂಡು ಕೂರಿಸುತ್ತಾರೆ, ಗಾಡಿ ಹೊರಡುತ್ತದೆ, ಕೆಲವು ತಿಂಗಳ ತರುವಾಯ ಮತ್ತೆ ಅದೇ ಮೌನ. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಹೀಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂಡರು. ಪಿಂಚಣಿಯ ಹಣ ಖರ್ಚಾದುದಕ್ಕಿಂತ ಹೆಚ್ಚಾಗಿ ಅವರನ್ನು ಬಾಧಿಸಿದ್ದು ಬೇರೊಂದು ಚಿಂತೆ. ಮನೆಯಲ್ಲಿ ಹೃದ್ರೋಗದಿಂದ ನರಳುವ ಹೆಂಡತಿ. ನಡುರಾತ್ರಿ ಈ ಗಾಡಿಯನ್ನು ನಂಬಬಹುದೇ ಎಂಬ ಅಳುಕು.

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಅದ್ದಿ ವಿದ್ಯುತ್ತನ್ನು ಕೂಡಿಡಬಹುದೆಂದು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ತೋರಿಸಿದ್ದು 1859ರಲ್ಲಿ. ಆಗ ಮೋಟಾರು ಗಾಡಿಯೇ ಇರಲಿಲ್ಲ. ಗಾಡಿ ಬಂದಮೇಲೂ ಬಹುಕಾಲ ಅದನ್ನು ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಾಗಿತ್ತು. ಅದು ಹಿಮ್ಮುಖವಾಗಿ ಒದ್ದು ಮಣಿಕಟ್ಟು ಮುರಿದುಕೊಂಡವರು ಅನೇಕರು. 1912ರ ಕ್ಯಾಡಿಲಾಕ್ ಗಾಡಿಯಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಮೇಲೆ ಈ ಕಷ್ಟ ಮೆಲ್ಲಮೆಲ್ಲನೆ ನೀಗಿತು. ಅದಕ್ಕೆ ನಮ್ಮ ಜನ ಕೊಟ್ಟ ಹೆಸರು ‘ಸೆಲ್ಫು’. ‘ಸೆಲ್ಫ್ ಹೊಡಿ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ: ತಾನಾಗಿಯೇ ಏಳುವುದನ್ನೂ ಹೊಡೆದೇ ಎಬ್ಬಿಸುವವರು ನಾವು.

ಗಾಡಿ ಹೊರಡಲಿಲ್ಲ ಎಂಬುದು ಒಂದೇ ಮಾತಾದರೂ ಒಂದೇ ರೋಗವಲ್ಲ. ಮೊದಲು ಕಿವಿಗೊಟ್ಟು ಕೇಳಬೇಕು. ಚಾವಿ ತಿರುಗಿಸಿದಾಗ ಸೆಲ್ಫು ಬಿರುಸಾಗಿ ತಿರುಗಿ, ಎಂಜಿನ್ ಮಾತ್ರ ಹಿಡಿಯದಿದ್ದರೆ ಬ್ಯಾಟರಿಯನ್ನು ದೂರಬಾರದು. ಪೆಟ್ರೋಲಿನ ದಾರಿಯನ್ನೋ ಕಿಡಿಯ ದಾರಿಯನ್ನೋ ಹುಡುಕಬೇಕು. ಟಕಟಕನೆ ಎಡೆಬಿಡದ ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ತಂತಿಗಳ ಹಿಡಿತ ಸಡಿಲಗೊಂಡಿದೆ. ಒಂದೇ ಒಂದು ‘ಟಕ್’ ಎಂದು ಸುಮ್ಮನಾದರೆ ಸೆಲ್ಫ್ ಮೋಟಾರಿನ ಮೇಲೆ ಸಂಶಯ. ಇನ್ನೂ ಅನುಮಾನವಿದ್ದರೆ ಮುಂದಿನ ದೀಪಗಳನ್ನು ಹೊತ್ತಿಸಿ ಚಾವಿ ತಿರುಗಿಸಬೇಕು. ದೀಪ ತೀರ ಮಂಕಾದರೆ ಬ್ಯಾಟರಿಯಲ್ಲಿ ಸತ್ವವಿಲ್ಲ. ತಟ್ಟನೆ ಆರಿಯೇಹೋದರೆ ಎಲ್ಲೋ ಕೂಡುಗೆ ಕೆಟ್ಟಿದೆ. ಏನೂ ಆಗದಂತೆ ಉರಿಯುತ್ತಲೇ ಇದ್ದರೆ ವಿದ್ಯುತ್ತು ಸೆಲ್ಫಿನವರೆಗೆ ಹೋಗುತ್ತಲೇ ಇಲ್ಲ. ಸಣ್ಣ ಪೆಟ್ರೋಲ್ ಗಾಡಿಯ ಸೆಲ್ಫು ಕೂಡ ಆ ಕ್ಷಣದಲ್ಲಿ ನೂರು ಆಂಪಿಯರಿಗೂ ಮಿಕ್ಕ ವಿದ್ಯುತ್ತನ್ನು ಎಳೆಯುತ್ತದೆ. ಬ್ಯಾಟರಿಯ ತುದಿಗಳಲ್ಲಿ ಬೆಳೆದ ಬಿಳಿ-ಹಸಿರು ಹುಡಿಯ ಒಂದು ತೆಳುಪದರ ಅಷ್ಟನ್ನು ತಡೆಯಲು ಸಾಕು. ಬಿಸಿನೀರು ಹಾಕಿ ಉಜ್ಜಿ, ತುದಿಗಳನ್ನು ಬಿಗಿದೊಡನೆ ಎದ್ದು ಹೊರಟ ಗಾಡಿಗಳು ಎಷ್ಟೋ!

ಈಗ ನಿಜವಾದ ಕಗ್ಗಂಟಿಗೆ ಬರೋಣ. ಬ್ಯಾಟರಿ ಮತ್ತೆಮತ್ತೆ ಇಳಿಯುತ್ತದೆ; ಏಕೆ? ತನ್ನೊಳಗಿನ ದೋಷದಿಂದ ತಾನೇ ಇಳಿಯುತ್ತಿರಬಹುದು. ಓಡುವಾಗ ಅದಕ್ಕೆ ತುಂಬಬೇಕಾದಷ್ಟು ತುಂಬದಿರಬಹುದು. ಅಥವಾ ನಿಂತಾಗ ಯಾರೋ ಕದಿಯುತ್ತಿರಬಹುದು. ಮನೆಯ ನೀರಿನ ತೊಟ್ಟಿ ಬೆಳಗಾಗುವಷ್ಟರಲ್ಲಿ ಬರಿದಾದರೆ ತೊಟ್ಟಿ ಬಿರುಕು ಬಿಟ್ಟಿದೆಯೋ, ನಲ್ಲಿಯಲ್ಲಿ ನೀರು ಬಂದಿಲ್ಲವೋ, ಎಲ್ಲೋ ಸೋರುತ್ತಿದೆಯೋ ಎಂದು ನೋಡುತ್ತೇವೆ. ಹೊಸ ತೊಟ್ಟಿ ಕಟ್ಟಿಸಲು ಗಾರೆಯವನನ್ನು ಕರೆಯುವುದಿಲ್ಲ.

ತುಂಬುತ್ತಿದೆಯೇ ಇಲ್ಲವೇ ಎಂಬುದನ್ನು ವೋಲ್ಟ್ ಮೀಟರು ಹೇಳುತ್ತದೆ. ಕೆಲವು ಗಂಟೆ ವಿಶ್ರಮಿಸಿದ ಪೂರ್ಣ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟು, ಅದರ ತಂತಿಗಳನ್ನು ಪರೀಕ್ಷಿಸಬೇಕು. ಹಳೆಯ ಅಂಬಾಸಡರ್‌ಗಳ ಡೈನಮೋ ಕಾಲದಲ್ಲಿ ಇನ್ನೊಂದು ತೊಡಕಿತ್ತು: ಕಟೌಟಿನ ಬಿಂದುಗಳು ಅಂಟಿಕೊಂಡರೆ ಹಗಲು ತುಂಬಿದ್ದನ್ನೆಲ್ಲ ರಾತ್ರಿ ಡೈನಮೋವೇ ಹಿಂದಕ್ಕೆ ಹೀರುತ್ತಿತ್ತು. ಆಲ್ಟರ್ನೇಟರಿನ ಡಯೋಡು ಕೆಟ್ಟರೂ ಇಂಥದೇ ಕಳವು ನಡೆಯುತ್ತದೆ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ರೋಗ ಮಾತ್ರ ಹೆಸರು ಬದಲಿಸಿಕೊಂಡು ಉಳಿದಿದೆ.

ತುಂಬುವುದು ಸರಿಯಿದ್ದರೆ, ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ನನಗೆ ಬಹಳ ಮೆಚ್ಚಿಗೆಯಾದುದು. ಪೂರ್ತಿ ತುಂಬಿದ ಬ್ಯಾಟರಿಯ ಋಣಾಗ್ರದ ತಂತಿಯನ್ನು ಬಿಚ್ಚಿಟ್ಟು ಮಲಗಿಬಿಡಿ. ಬೆಳಿಗ್ಗೆ ತಂತಿ ಸೇರಿಸಿದಾಗ ಸೆಲ್ಫು ಬಲವಾಗಿ ತಿರುಗಿದರೆ ಬ್ಯಾಟರಿ ನಿರಪರಾಧಿ, ಕಳ್ಳ ಗಾಡಿಯೊಳಗಿದ್ದಾನೆ. ತಂತಿ ಬಿಚ್ಚಿದ್ದರೂ ಇಳಿದಿದ್ದರೆ ದೋಷ ಬ್ಯಾಟರಿಯದೇ; ಆಗ ಹೊಸದನ್ನು ಕೊಳ್ಳುವುದು ನ್ಯಾಯ.

ಉಪಾಧ್ಯಾಯರ ಗಾಡಿಯಲ್ಲಿ ಹೀಗೆ ಮಾಡಿದಾಗ ಬ್ಯಾಟರಿ ಗೆದ್ದಿತು. ಮುಂದಿನ ಹೆಜ್ಜೆ ಕಳ್ಳನ ಹುಡುಕಾಟ. ಚಾವಿ ತೆಗೆದು, ಬಾಗಿಲುಗಳನ್ನೆಲ್ಲ ಮುಚ್ಚಿ, ಋಣಾಗ್ರಕ್ಕೂ ಅದರಿಂದ ಬಿಚ್ಚಿದ ತಂತಿಗೂ ನಡುವೆ 12 ವೋಲ್ಟಿನ ಒಂದು ಚಿಕ್ಕ ಬಲ್ಬನ್ನು ಜೋಡಿಸಿದೆವು. ಏನೂ ಹರಿಯದಿದ್ದರೆ ಬಲ್ಬು ಹೊತ್ತಬಾರದು. ಮೊದಲ ದಿನ ಹೊತ್ತಲೇ ಇಲ್ಲ. ಈ ಹಿಂದೆ ನೋಡಿದ್ದ ಎಲೆಕ್ಟ್ರಿಷಿಯನ್ ಕೂಡ ಏನೂ ಇಲ್ಲವೆಂದು ಹೇಳಿದ್ದುದು ಸುಳ್ಳಾಗಿರಲಿಲ್ಲ. ಎರಡು ದಿನಗಳ ಬಳಿಕ, ಉಪಾಧ್ಯಾಯರು ಸಂತೆಯಿಂದ ಬಂದು ತರಕಾರಿ ಚೀಲಗಳನ್ನು ಇಳಿಸಿದ ಮೇಲೆ, ಮತ್ತೆ ಜೋಡಿಸಿದಾಗ ಬಲ್ಬು ಮಂಕಾಗಿ ಹೊತ್ತಿತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋದೆವು; ಒಳದೀಪಗಳ ಫ್ಯೂಸನ್ನು ಕಿತ್ತೊಡನೆ ಬಲ್ಬು ಆರಿತು. ಫ್ಯೂಸನ್ನೂ ತಂತಿಯನ್ನೂ ಮೊದಲಿನಂತೆ ಸೇರಿಸಿ, ಕಾಲು ಗಂಟೆ ಬಿಟ್ಟು, ಡಿಕ್ಕಿ ತೆರೆದು ಒಳಗಿನ ಪುಟ್ಟ ದೀಪವನ್ನು ಮುಟ್ಟಿದರೆ ಸುಡುವಷ್ಟು ಬಿಸಿ! ಡಿಕ್ಕಿಯ ಮುಚ್ಚಳ ಒತ್ತಿದಾಗ ದೀಪವನ್ನು ಆರಿಸಬೇಕಾದ ಗುಂಡಿ ಬಾಗಿತ್ತು. ಎಲೆಕ್ಟ್ರಿಷಿಯನ್ ದಢಾರನೆ ಮುಚ್ಚಿದರೆ ದೀಪ ಆರುತ್ತಿತ್ತು. ಯಾವ ಬಾಗಿಲನ್ನೂ ಸದ್ದಾಗದಂತೆ ಹಾಕುವ ನಮ್ಮ ಉಪಾಧ್ಯಾಯರು ಮೆಲ್ಲಗೆ ಒತ್ತಿದರೆ ಆರುತ್ತಿರಲಿಲ್ಲ.

ಐದು ವಾಟಿನ ದೀಪವೆಂದರೆ ಅಲ್ಪವೆಂದು ತೋರುತ್ತದೆ. ಲೆಕ್ಕ ಹಾಕಿದರೆ ಅದು ಗಂಟೆಗೆ ಸುಮಾರು 0.4 ಆಂಪಿಯರ್-ಗಂಟೆ, ಒಂದು ದಿನಕ್ಕೆ ಹತ್ತು. ಚಿಕ್ಕ ಗಾಡಿಯ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಎರಡು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಕರಗಿತು. ಹೀಗೆ ಬರಿದಾಗಿ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಗಡುಸಾಗುತ್ತದೆ. ಆಮೇಲೆ ಎಷ್ಟು ತುಂಬಿದರೂ ಅದು ಪೂರ್ತಿ ಹಿಡಿಯದು. ಎರಡು ಬ್ಯಾಟರಿಗಳೂ ನಿಜವಾಗಿಯೇ ಸತ್ತಿದ್ದವು, ಆದರೆ ಕೊಂದವನು ಬೇರೆ.

ಇಂದಿನ ಗಾಡಿಗಳಲ್ಲಿ ಕಂಪ್ಯೂಟರುಗಳಿರುವುದರಿಂದ ನಿಂತಾಗಲೂ 20ರಿಂದ 50 ಮಿಲಿಆಂಪಿಯರ್ ಹರಿಯುವುದು ಸಹಜ. ಅವುಗಳಿಗೆ ಬಲ್ಬಿನ ಪರೀಕ್ಷೆ ಒಗ್ಗದು. ಆಂಪಿಯರ್ ಮೀಟರು ಜೋಡಿಸಿ, ಆ ಯಂತ್ರಗಳೆಲ್ಲ ನಿದ್ದೆ ಹೋಗುವವರೆಗೆ ಅರ್ಧ ಗಂಟೆಯಾದರೂ ಕಾದು ನೋಡಬೇಕು. ಮೀಟರು ಸೇರಿಸಿರುವಾಗ ಚಾವಿ ತಿರುಗಿಸಿದರೆ ಮೀಟರು ಸುಟ್ಟುಹೋಗುತ್ತದೆ. ಮಲೆನಾಡಿನವರಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿ ಎಬ್ಬಿಸುವ ಜಾಣತನವೂ ತಾನಾಗಿ ಗೇರು ಬದಲಿಸುವ ಗಾಡಿಗಳಲ್ಲಿ ನಡೆಯದು.

ಎಚ್ಚರಿಕೆಯ ಮಾತೊಂದು. ತುಂಬುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಬೆಂಕಿಕಡ್ಡಿ ಗೀರಿ ಆಮ್ಲದ ಮಟ್ಟ ನೋಡುವುದೆಂದರೆ ಮುಖವನ್ನು ಒತ್ತೆಯಿಟ್ಟಂತೆ. ಬಿಚ್ಚುವಾಗ ಋಣಾಗ್ರ ಮೊದಲು, ಸೇರಿಸುವಾಗ ಋಣಾಗ್ರ ಕೊನೆಗೆ. ಇಲ್ಲವಾದರೆ ಧನಾಗ್ರದ ಮೇಲಿನ ಸ್ಪ್ಯಾನರು ಗಾಡಿಯ ಮೈಗೆ ತಗುಲಿ ಕಿಡಿ ಕಾರುತ್ತದೆ. ಕೈಯ ಉಂಗುರ, ಬಳೆಗಳನ್ನು ತೆಗೆದಿಡಬೇಕು. ನೀರು ಹಾಕುವ ಬ್ಯಾಟರಿಯಾದರೆ ಬಟ್ಟಿಯಿಳಿಸಿದ ನೀರೇ ಆಗಬೇಕು, ಬಾವಿಯದು ಸಲ್ಲದು.

ಮಕ್ಕಳನ್ನು ನೋಡಲು ತಿಂಗಳುಗಟ್ಟಲೆ ಪರದೇಶಕ್ಕೆ ಹೋಗುವ ಹಿರಿಯರು ಈಗ ಊರೂರಿನಲ್ಲಿದ್ದಾರೆ. 50 ಮಿಲಿಆಂಪಿಯರಿನ ಸಹಜ ಸೋರಿಕೆಯೇ ಒಂದು ತಿಂಗಳಲ್ಲಿ 36 ಆಂಪಿಯರ್-ಗಂಟೆಯಾಗುತ್ತದೆ. ಚಿಕ್ಕ ಬ್ಯಾಟರಿ ಅಷ್ಟಕ್ಕೇ ಬರಿದು. ಹೊರಡುವ ಮುನ್ನ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಗಾಡಿಯ ಕೈಪಿಡಿ ಬೇಡವೆನ್ನದಿದ್ದರೆ ಋಣಾಗ್ರದ ತಂತಿಯನ್ನು ಬಿಚ್ಚಿಟ್ಟು ಹೋಗಬಹುದು. ಹಿಂತಿರುಗಿ ಬಂದು ಸೇರಿಸಿದಾಗ ಗಾಡಿಯ ಗಡಿಯಾರಕ್ಕೆ ಹೊಸದಾಗಿ ಹೊತ್ತು ಹೇಳಿಕೊಡಬೇಕಾಗುತ್ತದೆ, ಅಷ್ಟೆ.