ಅಂಬೆಗಾಲು ದಾಟಿದ ಮೇಲೆ

ನಡೆಯಲು ಕಲಿತ ಮಗುವಿಗೆ ಮೊದಲು ಬೇಕಾದದ್ದು ನೆಲ. ಒಂದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಎರಡು ತುಂಬುವವರೆಗೆ ಟಿವಿ, ಮೊಬೈಲು ಬೇಡ. ಆಮೇಲೂ ಒಂದು ಗಂಟೆ ಮೀರಬಾರದು. ತುತ್ತು ಉಣ್ಣಿಸುವ ಹೊತ್ತಿಗೆ ಈ ಲೆಕ್ಕ ಎಷ್ಟು ಮನೆಗಳಲ್ಲಿ ಉಳಿಯುತ್ತದೆಯೋ!

ಆ ಓಡಾಟಕ್ಕೆ ನೆಲವಾದರೂ ಎಲ್ಲಿದೆ? ಕಾವಲ್ ಎಂದರೆ ದನ ಮೇಯುವ ಹುಲ್ಲುಗಾವಲು. ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಅದು ಉಳಿದಿರುವುದು ಹೆಸರಿನಲ್ಲಿ. ಬೀದಿಬದಿಯಲ್ಲಿ ಕಾರು, ಸ್ಕೂಟರುಗಳು. ಜಗಲಿ, ಹಿತ್ತಿಲುಗಳಲ್ಲಿ ಅಜ್ಜಿಯ ಕಣ್ಣೆದುರು ನಡೆಯುತ್ತಿದ್ದ ಆಟ ಮಹಡಿಮನೆಯ ಹಾಲಿಗೆ ಸರಿದಿದೆ. ಸಂಜೆಗೆ ಪಾರ್ಕು, ಇಲ್ಲವೇ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ದಂಡೆ.

ಹಗಲು ಮಗುವನ್ನು ನೋಡಿಕೊಳ್ಳುವವರು ಯಾರು? 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಕೊಟ್ಟಿತು. 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನೂ ಕಡ್ಡಾಯ ಮಾಡಿತು. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಿಗೆ ಇದು ಸಿಗುವಂಥದ್ದಲ್ಲ. 1975ರಲ್ಲಿ ಶುರುವಾದ ಯೋಜನೆಯ ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ, ಪೌಷ್ಟಿಕ ಆಹಾರ ಕೊಡುತ್ತಾರೆ. ಆದರೆ ಅಲ್ಲಿ ಆಟಪಾಠ ಶುರುವಾಗುವುದು ಮೂರು ತುಂಬಿದ ಮೇಲೆ. ಅಲ್ಲಿಯತನಕ ಅಜ್ಜಿ, ಅಕ್ಕ, ಇಲ್ಲವೇ ಪಕ್ಕದ ಮನೆಯವರು.