ಎಲ್ಲ ವಯಸ್ಸಿನವರಿಗೂ ಬಯಲಾಟ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ಊಟದಂತೆ ಆಟವೂ ಆರೋಗ್ಯಕ್ಕೆ ಆಧಾರವೆಂಬುದನ್ನು ಮಾತ್ರ ನಗರಜೀವನವು ಮರೆಸುತ್ತಿದೆ. ಆಟವೆಂದರೆ ಮಕ್ಕಳ ಕಾಲಹರಣ, ಓದು ಮತ್ತು ದುಡಿಮೆ ಮುಗಿದ ಬಳಿಕ ಸಮಯ ಉಳಿದರೆ ಒದಗುವ ವಿನೋದ ಎಂಬ ಭಾವನೆ ಬೇರೂರಿದೆ. ವಸ್ತುತಃ ಅದು ಮಗುವಿನಿಂದ ಮುದುಕರವರೆಗೆ ಎಲ್ಲರ ಅಗತ್ಯ. ಮುಂಬಯಿಯ ಉಪನಗರವಾದ ವಿಲೆ ಪಾರ್ಲೆಯನ್ನು ನಿದರ್ಶನವಾಗಿ ತೆಗೆದುಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ.

ರೈಲುಮಾರ್ಗವು ವಿಲೆ ಪಾರ್ಲೆಯನ್ನು ಪೂರ್ವ, ಪಶ್ಚಿಮಗಳೆಂದು ಎರಡಾಗಿ ವಿಭಜಿಸುತ್ತದೆ. ಪೂರ್ವದ ಮಗ್ಗುಲಲ್ಲಿ ವಿಮಾನ ನಿಲ್ದಾಣ. ಪಶ್ಚಿಮದತ್ತ ನಡೆದರೆ ಜುಹೂ ಕಡಲತೀರ. ಹಿಂದೆ ಇಲ್ಲಿ ಅಂಗಳವಿದ್ದ ಮನೆಗಳೂ ವಠಾರಗಳೂ ಹೆಚ್ಚಾಗಿದ್ದವು. ಅವುಗಳಲ್ಲಿ ಹಲವು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಟ್ಟಿವೆ. ಕಟ್ಟಡದ ಸುತ್ತ ಉಳಿದ ನೆಲವನ್ನು ವಾಹನಗಳು ಆಕ್ರಮಿಸಿವೆ. 'ಇಲ್ಲಿ ಚೆಂಡಾಟ ಆಡಬಾರದು' ಎಂಬ ಫಲಕ ಮುಂಬಯಿಯ ವಸತಿ ಸಂಕೀರ್ಣಗಳಲ್ಲಿ ಅಪರೂಪವಲ್ಲ. ಕೇಂದ್ರ ಸರ್ಕಾರದ ನಗರ ಯೋಜನಾ ಮಾರ್ಗಸೂಚಿಯು ಪ್ರತಿಯೊಬ್ಬ ನಿವಾಸಿಗೆ 10ರಿಂದ 12 ಚದರ ಮೀಟರು ತೆರೆದ ಜಾಗವಿರಬೇಕೆಂದು ಹೇಳುತ್ತದೆ. ನಗರದ ಅಭಿವೃದ್ಧಿ ಯೋಜನೆಗಾಗಿ 2012ರ ಸುಮಾರಿಗೆ ಲೆಕ್ಕಹಾಕಿದಾಗ ಮುಂಬಯಿ ನಿವಾಸಿಯ ಪಾಲಿಗೆ ದೊರೆತದ್ದು ಸುಮಾರು ಒಂದೂಕಾಲು ಚದರ ಮೀಟರು ಮಾತ್ರ. ಒಬ್ಬ ವ್ಯಕ್ತಿ ಚಾಪೆ ಹಾಸಿ ಮಲಗಲು ಬೇಕಾಗುವಷ್ಟು ಸ್ಥಳವದು!

ಈ ಕೊರತೆಯ ಪರಿಣಾಮ ಮೊದಲು ಕಾಣಿಸುವುದು ಮಕ್ಕಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಲ್ಲಿ ತೊಡಗಬೇಕು. ಓಟ ಮತ್ತು ಜಿಗಿತಗಳಿಂದ ಮೂಳೆಗಳು ಗಟ್ಟಿಯಾಗುತ್ತವೆ. ಬಿಸಿಲಿನ ಸ್ಪರ್ಶದಿಂದ ಚರ್ಮದಲ್ಲಿ 'ಡಿ' ಜೀವಸತ್ತ್ವ ಉತ್ಪನ್ನವಾಗುತ್ತದೆ. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ತಲೆದೋರುವ ಸಂಭವ ಕಡಿಮೆಯೆಂದು ಸಂಶೋಧನೆಗಳಿಂದ ತಿಳಿದುಬಂದಿದೆ. ಮೊಬೈಲ್ ಫೋನಿನ ಪರದೆಯನ್ನು ದಿಟ್ಟಿಸುತ್ತ ಕೋಣೆಯಲ್ಲೇ ಕುಳಿತ ಮಗುವಿಗೆ ಈ ಮೂರೂ ಲಾಭಗಳು ತಪ್ಪಿಹೋಗುತ್ತವೆ.

ಆಟದ ಪಾಠ ದೇಹಕ್ಕಷ್ಟೇ ಸೀಮಿತವಲ್ಲ. ಖೊಖೊ ಆಟವನ್ನೇ ನೋಡಬಹುದು. ಎಂಟು ಮಂದಿ ಸಾಲಾಗಿ, ಒಬ್ಬರು ಒಂದು ದಿಕ್ಕಿಗೆ, ಮುಂದಿನವರು ಇನ್ನೊಂದು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಹಿಂದಿರುಗಿ ಓಡುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಎದುರಾಳಿ ತಪ್ಪಿಸಿಕೊಂಡೊಡನೆ ಕುಳಿತವರಿಗೆ 'ಖೊ' ಕೊಟ್ಟು ತಮ್ಮ ಓಟವನ್ನು ಅವರಿಗೆ ಒಪ್ಪಿಸಬೇಕು. ಒಬ್ಬರೇ ಗೆಲ್ಲಲಾಗದು ಎಂಬ ಅರಿವನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪದೇಶವೂ ಮೂಡಿಸಲಾರದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಜಯ ಗಳಿಸಿದವು. ಈ ಆಟಕ್ಕೆ ಬೇಕಾದುದು ಎರಡು ಕಂಬ, ಒಂದಿಷ್ಟು ಸಮತಟ್ಟಾದ ನೆಲ ಮಾತ್ರ. ಲಗೋರಿ ಆಟಕ್ಕೆ ಏಳು ಬಿಲ್ಲೆಕಲ್ಲು, ಒಂದು ಚೆಂಡು ಸಾಕು. ಕನ್ನಡದ ಮಕ್ಕಳೂ ಮರಾಠಿ ಮಕ್ಕಳೂ ಅದನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ. ಆಡಲು ಭಾಷೆ ಅಡ್ಡಿಯಾಗದು.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಅವಶ್ಯವೆಂದು ಅದೇ ಸಂಸ್ಥೆ ತಿಳಿಸಿದೆ. ಹೃದ್ರೋಗ, ಸಿಹಿಮೂತ್ರ ರೋಗ, ರಕ್ತದೊತ್ತಡಗಳನ್ನು ದೂರವಿಡಲು ಇದು ಸಹಕಾರಿ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ದಿನವೂ ಎರಡು ಬಾರಿ ಪ್ರಯಾಣಿಸುವವರಿಗೆ ವ್ಯಾಯಾಮವೆಂದರೆ ಮತ್ತೊಂದು ಹೊರೆಯಾಗಿ ತೋರುವುದು ಸಹಜ. ಆದರೆ ಆಟದಲ್ಲಿ ಶ್ರಮದ ಅರಿವೇ ಆಗದು. ಮಗಳೊಡನೆ ಅರ್ಧ ಗಂಟೆ ಶಟಲ್ ಆಡಿದ ತಂದೆಗೆ ವ್ಯಾಯಾಮ ಮಾಡಿದೆನೆಂಬ ಆಯಾಸಕ್ಕಿಂತ ಸೋತೆನೆಂಬ ನಗುವೇ ನೆನಪಿನಲ್ಲಿ ಉಳಿಯುತ್ತದೆ. ಬಾಲ್ಯದಲ್ಲಿ ಕುಂಟೆಬಿಲ್ಲೆ ಆಡಿದ ತಾಯಿ ಮಕ್ಕಳಿಗೆ ಗೆರೆ ಎಳೆದುಕೊಟ್ಟು ತಾನೂ ಒಂದು ಸುತ್ತು ಕುಂಟಿದರೆ, ಆ ಸಂಜೆ ಮನೆಯವರೆಲ್ಲರಿಗೂ ಹಬ್ಬ.

65 ದಾಟಿದವರಿಗೆ ದೊಡ್ಡ ಭಯ ಬೀಳುವುದರದು. ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲ ಮತ್ತು ಬಲವನ್ನು ಕಾಪಾಡುವ ಚಟುವಟಿಕೆ ಅವರಿಗೆ ಅಗತ್ಯ. ಮೆಲ್ಲನೆ ಚೆಂಡು ಎಸೆದು ಹಿಡಿಯುವುದು, ಹುಲ್ಲಿನ ಮೇಲೆ ನಡೆಯುವುದು ಇವೂ ಆಟಗಳೇ. ವೈದ್ಯರ ಸಲಹೆ ಪಡೆದು ಆರಂಭಿಸುವುದು ಲೇಸು. ಹಿರಿಯರು ಕೆಳಗಿಳಿದು ಬಂದರೆ ಇನ್ನೊಂದು ಮಹತ್ತ್ವದ ಕಾರ್ಯವೂ ಸಾಧ್ಯವಾಗುತ್ತದೆ: ಅವರ ಒಂಟಿತನ ನೀಗುತ್ತದೆ, ಅವರ ಕಣ್ಗಾವಲಿನಲ್ಲಿ ಮಕ್ಕಳು ನಿರ್ಭಯವಾಗಿ ಆಡುತ್ತಾರೆ.

ಸ್ಥಳದ ಅಭಾವಕ್ಕೆ ನಿವಾಸಿಗಳೇ ಕೆಲಮಟ್ಟಿಗೆ ಪರಿಹಾರ ಕಂಡುಕೊಳ್ಳಬಹುದು. ವಸತಿ ಸಂಘವು ಸಂಜೆ ಒಂದು ಗಂಟೆ ಅಂಗಳದ ಒಂದು ಭಾಗದಿಂದ ವಾಹನಗಳನ್ನು ತೆರವುಗೊಳಿಸಬಹುದು. ಮುಂಬಯಿ ಪೊಲೀಸರು 2022ರಲ್ಲಿ ಭಾನುವಾರದ ಬೆಳಗ್ಗೆ ಕೆಲವು ರಸ್ತೆಗಳಲ್ಲಿ ವಾಹನಸಂಚಾರ ತಡೆದು ಅವುಗಳನ್ನು ಆಟಕ್ಕೆ ಬಿಟ್ಟುಕೊಟ್ಟದ್ದುಂಟು. ಮಹಾನಗರದ ರಸ್ತೆಯಲ್ಲೇ ಇದು ಸಾಧ್ಯವಾದರೆ ಮನೆಯಂಗಳದಲ್ಲಿ ಅಸಾಧ್ಯವಲ್ಲ. ಜುಹೂ ತೀರದಲ್ಲಿ ಇಳಿತದ ಹೊತ್ತು ಗಟ್ಟಿಮರಳಿನ ವಿಶಾಲ ಮೈದಾನವೇ ತೆರೆದುಕೊಳ್ಳುತ್ತದೆ. ಆದರೆ ಉಬ್ಬರವಿಳಿತದ ವೇಳೆಯನ್ನು ಮೊದಲೇ ತಿಳಿದಿರಬೇಕು, ಮಳೆಗಾಲದಲ್ಲಿ ನೀರಿಗಿಳಿಯಲೇಬಾರದು. ಬೇಸಿಗೆಯಲ್ಲಿ ನಡುಹಗಲ ಬಿಸಿಲನ್ನು ವರ್ಜಿಸಿ, ಸಾಕಷ್ಟು ನೀರು ಕುಡಿಯಬೇಕು. ಗಾಳಿಯಲ್ಲಿ ಮಾಲಿನ್ಯ ಅಧಿಕವಾದ ಚಳಿಗಾಲದ ದಿನಗಳಲ್ಲಿ ಓಟದಾಟಗಳನ್ನು ಮುಂದೂಡುವುದು ಕ್ಷೇಮ.

ಆಟವು ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾರಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿ ನೀಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಗೆ ಆಟದ ಮೈದಾನ ಬೇಕೆಂದು ವಿಧಿಸಿದೆ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಬಳಸದೆ ಬಿಟ್ಟ ಬಯಲು ಇಂದು ವಾಹನಗಳ ತಂಗುದಾಣ, ನಾಳೆ ಕಟ್ಟಡದ ನಿವೇಶನ. ದಿನವೂ ಅಜ್ಜ, ಮಗ, ಮೊಮ್ಮಗಳು ಮೂವರೂ ಹೆಜ್ಜೆಯೂರುವ ನೆಲವನ್ನು ಕಸಿದುಕೊಳ್ಳುವುದು ಅಷ್ಟು ಸುಲಭವಲ್ಲ. ಆದುದರಿಂದ ಪ್ರತಿಯೊಂದು ಕುಟುಂಬವೂ ದಿನದ ಒಂದು ಗಂಟೆಯನ್ನು ಬಯಲಿಗೆ ಮೀಸಲಿಡಲಿ. ಆರೋಗ್ಯ ಉಳಿಯುತ್ತದೆ, ಸಂತಸ ಬೆಳೆಯುತ್ತದೆ. ಮುಂದಿನ ಪೀಳಿಗೆಗೆ ಬಯಲೂ ಉಳಿಯುತ್ತದೆ.